ಕಪ್ಪು ಏಲಿಗೆ ಭಾನುವಾರವೇ ಆಗಬೇಕು

ದೇವರ ದೀಪವನ್ನೂ ಬಿಡದೆ, ಇಂಗ್ಲೆಂಡಿನ ಕಪ್ಪು ಏಲನ್ನೂ ಬಿಡದೆ ಬಾಳುವವನ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಏಲ್ ಅಂದರೆ ಬಿಯರಿನ ಒಂದು ಜಾತಿ. ಮೊದಲ ಗುಟುಕಿಗೆ ಹುರಿದ ಕಾಫಿ ಬೀಜ, ಎರಡನೆಯದಕ್ಕೆ ಪಾಕ ಹಿಡಿದ ಬೆಲ್ಲ. ನನಗೆ ಒಂದು ಬಾಟಲಿ ಸಾಕು. ಕಷ್ಟವೆಲ್ಲ ಅದನ್ನು ತೆರೆಯುವ ದಿನದ್ದು.

೧. ವಾರದ ಲೆಕ್ಕ

ಸೋಮವಾರ ಈಶ್ವರ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಂತ. ಮಂಗಳವಾರ, ಬುಧವಾರ ಆಫೀಸಿನ ದಿನ, ಕೂಡದು ಅಂತ ನನ್ನಾಕೆಯ ಕಟ್ಟಪ್ಪಣೆ. ಉಳಿದದ್ದು ಭಾನುವಾರ.

ಒಂದು ಶನಿವಾರ ಸಂಜೆ ಅಮೆರಿಕದ ಪ್ಲೇನೋದ ನಮ್ಮ ಮನೆಯಲ್ಲಿ ಕೂತು ನಿಧಾನವಾಗಿ ವಾದ ಹೂಡಿದೆ. "ನೋಡು, ನಮ್ಮೂರಲ್ಲಿ ಈಗಾಗಲೇ ಭಾನುವಾರ."

"ಸರಿ," ಅಂದಳು. "ಹಾಗಾದರೆ ನಾಳೆ ಸಂಜೆ ಅಲ್ಲಿ ಸೋಮವಾರ. ನಾಳೆದೂ ಇಲ್ಲ."

೨. ಸೀಡರ್ ಪಾರ್ಕಿನ ಮೇಜು

ಸೀಡರ್ ಪಾರ್ಕ್ ಎಂಬ ಊರಲ್ಲಿರುವ ಧಾರವಾಡದ ಗೆಳೆಯರು ಒಂದು ಭಾನುವಾರ ಇಂಗ್ಲಿಷ್ ಪಬ್ಬಿಗೆ ಕರೆದೊಯ್ದರು. ಕಪ್ಪು ಏಲ್ ಬಂತು. ಊಟಕ್ಕೆ ಮೊದಲು ಎಲೆಯ ಸುತ್ತ ನೀರು ಸುತ್ತಿ ಬೆಳೆದ ಕೈ ನನ್ನದು. ಯೋಚಿಸುವುದರೊಳಗೆ ಗ್ಲಾಸಿನ ಸುತ್ತ ನೀರು ಸುತ್ತಿಬಿಟ್ಟಿತ್ತು. ಬಡಿಸುವ ಹುಡುಗಿ ಓಡಿಬಂದು ಒರೆಸಿದಳು. ಹಾಗೇ ಕುಡಿಯಲು ಮನಸ್ಸು ಬರಲಿಲ್ಲ. ಮತ್ತೆ ಸುತ್ತಿದೆ. ಮತ್ತೆ ಒರೆಸಿದಳು.

ಗೆಳೆಯರು ಅಂದರು, "ಇನ್ನ ಕುಡೀರಿ. ಇಲ್ಲಾಂದ್ರ ಆಕಿ ಮೇಜು ಸವಿಸಿಬಿಡ್ತಾಳ್ರಿ."

೩. ದೇವರ ಕಪಾಟು

ಮೈಸೂರಿನಿಂದ ಮಾವ ಬಂದರು. "ಸಂಧ್ಯಾವಂದನೆ ಬಿಡದ ಹುಡುಗ ಅಂತಲೇ ಮಗಳನ್ನ ಕೊಟ್ಟೆ" ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದರು. ಆ ಮಾತು ಉಳಿಯಬೇಕಿತ್ತು. ವಾರ ತೋರಿಸುವ ಅವರ ಕೈಗಡಿಯಾರ ಊರಿನ ಸಮಯದಲ್ಲೇ ಓಡುತ್ತಿತ್ತು. ತಿರುಗಿಸಲು ಒಪ್ಪಲಿಲ್ಲ.

ಈ ಏಲನ್ನು ಫ್ರಿಜ್ಜಿನಲ್ಲಿಟ್ಟರೆ ರುಚಿ ಮುದುಡುತ್ತದೆ. ಅಡಿಗೆ ಸಾಮಾನಿನ ಕೋಣೆಗೆ ಮಾವ ಬಾಳೆಹಣ್ಣಿಗೆಂದು ಬರುತ್ತಾರೆ. ನನ್ನಾಕೆ ಇದ್ದೊಂದು ಬಾಟಲಿಯನ್ನು ದೇವರ ಕಪಾಟಿನಲ್ಲಿ, ಎಳ್ಳೆಣ್ಣೆಯ ಹಿಂದೆ ಇಟ್ಟಳು. "ಅಲ್ಲಿಗೆ ಕೈ ಹಾಕೋದು ನೀವೊಬ್ಬರೇ."

ಮುಂದಿನ ಶನಿವಾರ ಹ್ಯೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಬರುವುದು ತಡವಾಯಿತು. ಸಂಜೆಯ ದೀಪಕ್ಕೆ ಮಾವನೇ ಎಣ್ಣೆ ಹುಡುಕಿದ್ದರು. ನಾನು ಒಳಗೆ ಬಂದಾಗ ಬಾಟಲಿ ಊಟದ ಮೇಜಿನ ಮೇಲಿತ್ತು, ಮಾವ ಅದರ ಎದುರಿಗಿದ್ದರು. ನನ್ನಾಕೆ ಒಗ್ಗರಣೆಯಿಂದ ತಲೆ ಎತ್ತಲಿಲ್ಲ.

"ಇದು ನಿಮ್ಮದೇನು?"

"ಹೌದು, ಮಾವ."

"ದೀಪದ ಪಕ್ಕ ಇಟ್ಟಿದ್ದೀರಿ."

"ತಪ್ಪಾಯ್ತು."

"ತಪ್ಪೇ. ಬಿಸಿಗೆ ಕೆಟ್ಟುಹೋಗುತ್ತೆ. ಕೊಡಗಿನ ಕಾಫಿ ತೋಟದಲ್ಲಿ ನಾನು ಗುಮಾಸ್ತನಾಗಿದ್ದಾಗ ನಮ್ಮ ಇಂಗ್ಲಿಷ್ ದೊರೆ ಇದನ್ನ ಬಾವಿಗೆ ಇಳಿಬಿಡಿಸ್ತಿದ್ದರು. ಎರಡು ಲೋಟ ತನ್ನಿ."

ನಾನು ಕದಲುವ ಮೊದಲೇ ಒಲೆಯ ಹತ್ತಿರದಿಂದ ದನಿ ಬಂತು. "ಅಪ್ಪಾ, ಇವತ್ತು ಶನಿವಾರ."

ಮಾವ ಒದ್ದೆ ಬೆರಳಿನಿಂದ ಬಾಟಲಿಯ ಸುತ್ತ ಒಂದು ಸುತ್ತು ನೀರು ಎಳೆದು ಮುಗಿಸಿದರು. ಆಮೇಲೆ ಮಣಿಕಟ್ಟು ತಿರುಗಿಸಿ ಮಗಳಿಗೆ ತೋರಿಸಿದರು.

"ನಂದು ಭಾನುವಾರ ತೋರಿಸ್ತಿದೆಯಲ್ಲಮ್ಮಾ."