ಅಶ್ಮಿತಾಳ ಆರು ಗಂಟೆಯ ಸೇವೆ

ನವಿ ಮುಂಬಯಿಯ ನೆರೂಳಿನ ಸರ್ವೋತ್ತಮರಿಗೆ ಆ ಭಾನುವಾರ ಕಷ್ಟ ಬಂದದ್ದು ಮಗಳ ಸ್ಕೂಲ್ ಬ್ಯಾಗಿನ ತಳದಲ್ಲಿ ಮುದುಡಿ ಬಿದ್ದಿದ್ದ ಒಂದು ಫಾರ್ಮಿನಿಂದ. ಒಂಬತ್ತನೆಯ ತರಗತಿಯ ಅಶ್ಮಿತಾ ಶುಕ್ರವಾರ ಶಾಲೆಯ ತಂಡದೊಂದಿಗೆ ಕಾಂಬೋಡಿಯಕ್ಕೆ ಹೊರಡುವವಳಿದ್ದಳು. ಅಲ್ಲಿನ ಹಳ್ಳಿಯೊಂದರ ಬಡಮಕ್ಕಳ ಶಾಲೆಗೆ ಗೋಡೆ ಕಟ್ಟಲು. ಆದರೆ ಅದಕ್ಕೂ ಮೊದಲು ತಮ್ಮೂರಲ್ಲೇ ಆರು ಗಂಟೆ ಸೇವೆ ಮಾಡಿ, ಹೊರಗಿನವರೊಬ್ಬರ ಸಹಿ ಹಾಕಿಸಿ, ಸೋಮವಾರ ಒಪ್ಪಿಸಬೇಕೆಂದು ಫಾರ್ಮು ಹೇಳುತ್ತಿತ್ತು.

"ಒಂದು ತಿಂಗಳಿಂದ ಎಂತ ಮಾಡ್ತಾ ಇದ್ದೆ ನೀನು?"

"ಭೂಲ್ ಗಯೀ, ಪಪ್ಪಾ." ಮರೆತುಹೋಯಿತೆಂದು ಅವಳು ಹೇಳಿದ್ದು ಹೀಗೆ. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವುದು ಅವಳಿಗೆ ನಾಲ್ಕನೆಯ ತರಗತಿಯಿಂದಲೂ ರೂಢಿ.

ಆ ದಿನದ ಪೇಪರ್ ಕೇಳಲು ಬಂದಿದ್ದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಗುರುರಾಜ ಕೈ ಚಾಚಿದ. "ಇಲ್ಲಿ ಕೊಡ್ರಿ. ಆರು ಯಾಕ, ಅರವತ್ತು ತಾಸು ಅಂತ ಬರದು ಸೊಸೈಟಿ ಸಿಕ್ಕಾ ಹೊಡೀತೀನಿ."

ಅಶ್ಮಿತಾ ಫಾರ್ಮನ್ನು ಕಸಿದುಕೊಂಡಳು. ಸುಳ್ಳು ಹೇಳಿ ಹೋಗುವುದಾದರೆ ತಾನು ಹೋಗುವುದೇ ಇಲ್ಲವೆಂದಳು. ಸರ್ವೋತ್ತಮರಿಗೆ ಹೆಮ್ಮೆಯೂ ಸಿಟ್ಟೂ ಒಟ್ಟಿಗೆ ಬಂದು ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಅಪ್ಪ ಮಗಳು ಸೇವೆ ಹುಡುಕಿಕೊಂಡು ಹೊರಟರು. ಲೈಬ್ರರಿಯವನು ಬಾಗಿಲಲ್ಲೇ ಕೈ ಮುಗಿದ. ಹೋದ ವಾರ ಯಾವುದೋ ಶಾಲೆಯ ಮಕ್ಕಳು ಬಂದು ಪುಸ್ತಕಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿ ಹೋಗಿದ್ದರಂತೆ. ಕೆಂಪಿನ ಸಾಲಿನಲ್ಲಿ ಅಡುಗೆಯೂ ಅಧ್ಯಾತ್ಮವೂ ಕೂಡಿಬಿದ್ದಿದ್ದವು. ವೃದ್ಧಾಶ್ರಮದ ಮೇಲ್ವಿಚಾರಕಿ ಮುಂದಿನ ತಿಂಗಳ ತಾರೀಕು ಕೊಟ್ಟಳು. ದೇವಸ್ಥಾನದಲ್ಲಿ ಗುಡಿಸಲು ಕಸವೇ ಇರಲಿಲ್ಲ.

ಹನ್ನೆರಡರ ಬಿಸಿಲಿಗೆ ಕಾವಲಿಯ ಮೇಲಿನ ದೋಸೆಯಂತಾಗಿ ಮನೆಗೆ ಮರಳಿದರೆ, ಗುರುರಾಜನ ತಾಯಿ ಕಾಳವ್ವ ಜೋಳದ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಅಶ್ಮಿತಾ ಓಡಿಹೋಗಿ ಚೀಲಕ್ಕೆ ಕೈ ಹಾಕಿದಳು.

"ಬಿಡು ಯವ್ವಾ, ನಾ ಇನ್ನೂ ಗಟ್ಟಿ ಅದೀನಿ."

"ಸ್ವಲ್ಪ ಬಿಟ್ಟುಕೊಡಿ ಅಮ್ಮ," ಸರ್ವೋತ್ತಮರು ಗೋಗರೆದರು. "ಅವಳು ಕಾಂಬೋಡಿಯಕ್ಕೆ ಹೋಗಬೇಕು."

"ಹೋಗ್ಲಿ. ಅದಕ್ಕ ನನ್ನ ಜೋಳ ಯಾಕ ಬೇಕು?"

ಕಾಳವ್ವ ಮೇಲಕ್ಕೆ, ಅಶ್ಮಿತಾ ಕೆಳಕ್ಕೆ ಎಳೆದಾಡಿ ಚೀಲ ಹರಿಯಿತು. ಜೋಳ ಮೆಟ್ಟಿಲುಗಳ ಮೇಲೆಲ್ಲ ಉರುಳಿತು. ಅದರ ಹಿಂದೆಯೇ ಸರ್ವೋತ್ತಮರೂ ಉರುಳಿದರು.

ಕೆಳಗಿನ ಮಹಡಿಯ ಡಾಕ್ಟರ್ ವಾರಿಜಾ ಬಂದು, ಊದಿದ ಪಾದವನ್ನು ಒತ್ತಿ ನೋಡಿ ಬ್ಯಾಂಡೇಜು ಸುತ್ತಿದರು. "ಮುರಿಯಲಿಲ್ಲ, ಉಳುಕಿದ್ದು ಅಷ್ಟೆ. ಸಂಜೆವರೆಗೆ ಕಾಲು ಕೆಳಗಿಡಬೇಡಿ."

ಹೆಂಡತಿ ಜಯಲತಾ ಟಿಟ್ವಾಳಾದ ಗಣಪತಿ ದೇವಸ್ಥಾನಕ್ಕೆ ಹೋಗಿದ್ದಳು. ಆದ್ದರಿಂದ ಪಾದಕ್ಕೆ ಐಸ್ ಇಟ್ಟದ್ದು ಅಶ್ಮಿತಾ. ದಿಂಬು ಕೊಟ್ಟದ್ದು, ಫ್ಯಾನು ತಿರುಗಿಸಿದ್ದು, ಹುಟ್ಟಿದಾರಭ್ಯ ಗ್ಯಾಸು ಹಚ್ಚದವಳು ಗಂಜಿ ಬೇಯಿಸಿದ್ದೂ ಅವಳೇ. ಗಂಜಿ ಸಮುದ್ರದ ನೀರಿನಂತಿತ್ತು. ಸರ್ವೋತ್ತಮರು ಕುಡಿದು ಇನ್ನೊಂದು ಬಟ್ಟಲು ಕೇಳಿದರು.

"ಪಪ್ಪಾ, ನೋವು ಉಂಟಾ?" ಅವಳು ಕೇಳಿದಳು, ಕನ್ನಡದಲ್ಲಿ.

ಇಲ್ಲವೆಂದು ಅವರು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಸಂಜೆ ಏಳಕ್ಕೆ ವಾರಿಜಾ ಮತ್ತೆ ಬಂದು ಬ್ಯಾಂಡೇಜು ಬಿಚ್ಚಿದರು. ಊತ ಇಳಿದಿತ್ತು. "ನಾಳೆ ಆಫೀಸಿಗೆ ಹೋಗಬಹುದು." ಆಮೇಲೆ ಅಶ್ಮಿತಾಳ ಫಾರ್ಮು ಓದಿ, ನಗುತ್ತ ಗಡಿಯಾರ ನೋಡಿ, ಆರು ಗಂಟೆಯ ರೋಗಿ ಸೇವೆ ಎಂದು ಬರೆದು ಸಹಿ ಹಾಕಿದರು. ಅಶ್ಮಿತಾ ಅದರ ಫೋಟೋ ತೆಗೆದು ಟೀಚರಿಗೆ ಕಳಿಸಿದಳು.

ಎಂಟೂವರೆಗೆ ಸ್ನೇಹಲ್ ಟೀಚರ ಫೋನು ಬಂತು. ಮುಂಬಯಿ ಬಳಿಯ ಕಲ್ಯಾಣದಲ್ಲಿ ಬೆಳೆದರೂ ಅವರ ಮಾತು ವಿಜಾಪುರದ್ದೇ. "ಸರ್, ನಿಮ್ಮ ಮಗಳು ಬಾಳ ಚೊಲೋ ಕೆಲಸ ಮಾಡ್ಯಾಳ್ರಿ. ಇನ್ನೂ ನಾಕು ಹುಡುಗರದು ಒಂದ ತಾಸೂ ಆಗಿಲ್ಲ. ಎಲ್ಲಿ ಹೋದ್ರೂ ಎಲ್ಲಾರೂ ಸೇವಾ ಬ್ಯಾಡ ಅಂತಾರ. ಅವರಿಗೆ ಬುಧವಾರದ ತನಕ ಟೈಮ್ ಕೊಟ್ಟು, ನಿಮ್ಮ ಅಡ್ರೆಸ್ ಕೊಟ್ಟೀನಿ."

"ಆದರೆ ಮೇಡಂ, ನನ್ನ ಕಾಲು ಸರಿಯಾಯಿತು. ನಾಳೆ ಆಫೀಸು ಉಂಟು."

ಎಲ್ಲ ಕೇಳಿಸಿಕೊಂಡಿದ್ದ ಅಶ್ಮಿತಾ ಎರಡೂ ಕೈ ಜೋಡಿಸಿ ನಿಂತಿದ್ದಳು. ಆ ನಾಲ್ವರೂ ಅವಳ ಗೆಳೆಯರೇ. ಸರ್ವೋತ್ತಮರು ಮಗಳ ಮುಖ ನೋಡಿದರು, ನಿಟ್ಟುಸಿರು ಬಿಟ್ಟು ಕಾಲನ್ನು ಮತ್ತೆ ದಿಂಬಿನ ಮೇಲಿಟ್ಟುಕೊಂಡರು.

"ನಾಲ್ವರೂ ಬರಲಿ ಮೇಡಂ."

"ಬಾಳ ಉಪಕಾರ ಆತು, ಸರ್," ಟೀಚರು ಹೇಳಿದರು. "ಬುಧವಾರದ ತನಕ ಮಾತ್ರ ಆರಾಮ ಆಗಬ್ಯಾಡ್ರಿ."