ನಾಯಿ ಉಪಾಧ್ಯಕ್ಷನಾದ ಫುಟ್‌ಬಾಲ್ ಕ್ಲಬ್ಬು

ಬಾರದ್ದನ್ನು ಬರುತ್ತದೆ ಅಂದವನ ಹತ್ತಿರ ಜನ ಮತ್ತೆ ಮತ್ತೆ ಬರುತ್ತಾರೆ. ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಎಂಬತ್ತರ ದಶಕದಲ್ಲಿ ಆಡಿದ ಒಂದು ಸುಳ್ಳು ತೊಂಬತ್ತರ ದಶಕದಲ್ಲೂ ನನ್ನ ಬೆನ್ನು ಬಿಡಲಿಲ್ಲ.

೧. ಒಂಬತ್ತು ಜನ, ಒಂದು ನಾಯಿ

ನಮ್ಮ ಡ್ರಿಲ್ ಮಾಸ್ತರರಿಗೆ ಮೊದಲೇ ಫುಟ್‌ಬಾಲ್ ಹುಚ್ಚು. ಟಿವಿಯಲ್ಲಿ ವಿಶ್ವಕಪ್ ನೋಡಿದ ಮೇಲೆ ಅದು ನೆತ್ತಿಗೇರಿತು. ದಕ್ಷಿಣ ಅಮೆರಿಕದ ಒಂದು ಕ್ಲಬ್ಬಿಗೆ ನನ್ನಿಂದ ಪತ್ರ ಬರೆಸಿ, ನಿಮ್ಮ ಇತಿಹಾಸ ಕಳಿಸಿ, ನಮ್ಮ ಹುಡುಗರನ್ನೂ ಹಾಗೇ ಬೆಳೆಸುತ್ತೇವೆ ಅಂತ ಕೇಳಿದರು. ಏಳು ತಿಂಗಳಿಗೆ ಒಂದು ಪುಸ್ತಿಕೆ ಬಂತು.

"ಓದ್ರಿ ಸರ್," ಅಂದರು.

ಅಕ್ಷರ ಇಂಗ್ಲಿಷಿನವೇ, ಭಾಷೆ ಸ್ಪ್ಯಾನಿಷ್. ಸ್ಟಾಫ್ ರೂಮಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಬರುವುದಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಚಿತ್ರ ನೋಡಿ ಇತಿಹಾಸ ಹೇಳತೊಡಗಿದೆ. ಮೊದಲ ಚಿತ್ರದಲ್ಲಿ ದೊಡ್ಡ ಮೀಸೆಯ ಒಂಬತ್ತು ಜನ, ನಡುವೆ ಕುರ್ಚಿಯ ಮೇಲೊಂದು ನಾಯಿ.

"ನಾಯಿ ಯಾರದ್ರಿ?"

"ಅದ ಉಪಾಧ್ಯಕ್ಷ," ಅಂದುಬಿಟ್ಟೆ.

ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ವರ್ಷದ ನಮ್ಮ ಟೀಮಿನ ಫೋಟೊದಲ್ಲಿ ಮೈದಾನದಲ್ಲಿ ಅಡ್ಡಾಡುತ್ತಿದ್ದ ಕೆಂಪು ನಾಯಿ ಕುರ್ಚಿಯ ಮೇಲೆ ಕೂತಿದೆ. ಕುರ್ಚಿ ಬಿಟ್ಟುಕೊಟ್ಟ ಹೆಡ್‌ಮಾಸ್ತರರು ಹಿಂದೆ ನಿಂತಿದ್ದಾರೆ.

೨. ಹನ್ನೊಂದು ಬುತ್ತಿ

ಇನ್ನೊಂದು ಚಿತ್ರದಲ್ಲಿ ಆಟಗಾರರೆಲ್ಲ ಉದ್ದನೆಯ ಮೇಜಿಗೆ ಊಟಕ್ಕೆ ಕೂತಿದ್ದರು. ಪಂದ್ಯಕ್ಕೆ ಮೊದಲು ಹೊಟ್ಟೆ ತುಂಬ ಉಣ್ಣುವುದು ಅವರ ಪದ್ಧತಿ ಅಂದೆ. ನಿಪ್ಪಾಣಿಯ ಪಂದ್ಯದ ದಿನ ಮಾಸ್ತರರು ಹನ್ನೊಂದು ಬುತ್ತಿ ಬಿಚ್ಚಿಸಿದರು. ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅರ್ಧ ಆಟಕ್ಕೆ ನಮ್ಮ ಗೋಲ್‌ಕೀಪರ್ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ. ಆರು ಗೋಲು ಬಿದ್ದವು.

ಬರುವಾಗ ಬಸ್ಸಿನಲ್ಲಿ ಮಾಸ್ತರರು ನನಗೇ ಸಮಾಧಾನ ಹೇಳಿದರು: "ಕ್ಲಬ್ಬಿನವರದು ತಪ್ಪಿಲ್ರಿ ಸರ್. ಅವರ ಊರಾಗ ಝುಣಕ ಸಿಗಂಗಿಲ್ಲ."

೩. ತಾಯಿ ಕರೆದರೆ

ಟೀಮಿನಲ್ಲಿ ನಾಲ್ವರು ಜೈನರ ಹುಡುಗರು. ಅವರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಾಸ್ತರರೋ ಕತ್ತಲಾಗುವ ತನಕ ಬಿಡುತ್ತಿರಲಿಲ್ಲ. ಒಬ್ಬ ತಾಯಿ ನನ್ನ ಮುಂದೆ ಬಂದು ಅತ್ತರು: "ಹುಡುಗ ಮೂರ ದಿನ ಉಪವಾಸ ಮಲಗ್ಯಾನ್ರಿ." ನಾನು ಪುಸ್ತಿಕೆ ತೆಗೆದು ಕ್ಲಬ್ಬಿನ ಮೊದಲ ನಿಯಮ 'ಓದಿದೆ': ತಾಯಿ ಊಟಕ್ಕೆ ಕರೆದರೆ ಆಟಗಾರನನ್ನು ತಡೆಯಬಾರದು. ಮಾಸ್ತರರು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ರಿಟೈರ್ ಆಗುವುದರೊಳಗೆ ಕೊಲ್ಹಾಪುರದ ಟೀಮನ್ನು ಒಮ್ಮೆ ಸೋಲಿಸಬೇಕು, ಅದೊಂದೇ ಅವರ ಆಸೆ. ಕೊನೆಯ ವರ್ಷ ಆ ಟೀಮು ನಮ್ಮ ಮೈದಾನಕ್ಕೇ ಬಂತು. ತಲಾ ಒಂದು ಗೋಲಿಗೆ ಸಮವಾಗಿ ಹೆಚ್ಚುವರಿ ಆಟ ಶುರುವಾಯಿತು. ಹೊತ್ತು ಇಳಿಯುತ್ತಿತ್ತು. ಡಬ್ಬಿ ಹಿಡಿದ ನಾಲ್ವರು ತಾಯಂದಿರು ಗೆರೆಯಾಚೆಯಿಂದ ಕೂಗಿದರು. ಹುಡುಗರು ಮಾಸ್ತರರ ಮುಖ ನೋಡಿದರು, ಮಾಸ್ತರರು ನನ್ನ ಮುಖ ನೋಡಿದರು. ನಾನು ಮುಳುಗುವ ಸೂರ್ಯನನ್ನು ನೋಡಿದೆ.

"ಹೋಗ್ರೋ," ಅಂದರು ಮಾಸ್ತರರು. "ನಿಯಮ ಅಂದ್ರ ನಿಯಮ."

ಹುಡುಗರು ಉಂಡು ಕೈ ತೊಳೆಯುವಷ್ಟರಲ್ಲಿ ಉಳಿದ ಏಳು ಮಂದಿ ಮೂರು ಗೋಲು ತಿಂದು ಸೋತಿದ್ದರು. ನಾಲ್ವರು ಎಲ್ಲಿ ಹೋದರು ಅಂತ ಕೊಲ್ಹಾಪುರದ ಕೋಚ್ ಗಾಬರಿಯಾಗಿ ಕೇಳಿದ. ಮಾಸ್ತರರು ಎದೆ ಸೆಟೆಸಿ ಮರಾಠಿಯಲ್ಲೇ, ಊಟಕ್ಕೆ ಹೋಗಿದ್ದಾರೆ ಅಂದರು.

೪. ಅಂಕಲಿಯ ಗೋಡೆ

ರಿಟೈರ್ ಆದ ಮೇಲೆ ಮಾಸ್ತರರು ತಮ್ಮ ಊರು ಅಂಕಲಿಗೆ ಹೋದರು. ಎರಡು ವರ್ಷ ನನಗೆ ನೆಟ್ಟಗೆ ನಿದ್ದೆಯಿಲ್ಲ. ಕೊನೆಗೊಂದು ದಿನ ಅವರ ಮನೆಗೆ ಹೋಗಿ ಹೇಳಿಬಿಟ್ಟೆ: "ಆ ಪುಸ್ತಿಕೆ ಇಂಗ್ಲಿಷ್ ಅಲ್ರಿ. ನಾ ಒಂದಕ್ಷರ ಓದಿಲ್ಲ. ಎಲ್ಲಾ ಕಟ್ಟಿ ಹೇಳಿದ್ದು."

ಅವರು ಹಳೆಯ ನೋಟ್‌ಬುಕ್ ತಂದು ತೊಡೆಯ ಮೇಲಿಟ್ಟುಕೊಂಡರು. "ತಾಯಿ ಕರದ್ರ ಬಿಡಬೇಕು ಅನ್ನೂದೂ?"

"ಹೌದ್ರಿ."

"ಅವತ್ತ ಸೋತಾಗ ನನಗ ಒಂದ ಸಮಾಧಾನ ಇತ್ರಿ. ಆ ಊರಾಗೂ ಯಾರೋ ಹಿಂಗ ಸೋತಿರ್ತಾರ ಅಂತ."

ಅವರ ಗೆಲುವನ್ನಂತೂ ಆಗಲೇ ಕಳೆದಿದ್ದೆ, ಈಗ ಸಮಾಧಾನವನ್ನೂ ಕಿತ್ತುಕೊಂಡೆ.

ಮಾಸ್ತರರು ಗೋಡೆಯ ಮೇಲಿದ್ದ ಟೀಮಿನ ಫೋಟೊ ಕಡೆ ನೋಡಿ, "ಹಂಗಾರ ನಾಯಿ?" ಅಂದರು.

"ಅದೂ ಸುಳ್ಳ್ರಿ."

"ಹೆಡ್‌ಮಾಸ್ತರಿಗೆ ಮಾತ್ರ ಹೇಳಬ್ಯಾಡ್ರಿ ಸರ್," ಅಂದರು. "ಕುರ್ಚಿ ಬಿಟ್ಟಕೊಟ್ಟದ್ದಕ್ಕ ಅವರಿಗೂ ಒಂದ ಸಮಾಧಾನ ಬೇಕಲ್ರಿ."