ನೀಲಿ ಗೆರೆಯ ಅಂಗಿಯ ಸಾಕ್ಷಿ

ಬೇಕಾದರೆ ಮಲಪ್ರಭೆ ತನ್ನ ದಡ ದಾಟಲಿ, ಆದರೆ ಒಂದೇ ಒಂದು ಸುಳ್ಳು ಚಿತ್ರ ತನ್ನನ್ನು ದಾಟಿ ಹೋಗಕೂಡದು! ರೋಣದ ಬಟ್ಟೆ ವ್ಯಾಪಾರಿ ತೋಟಪ್ಪ ನಾಗರ ಪಂಚಮಿ ಹತ್ತಿರ ಬಂದಿದ್ದ ಒಂದು ಬೆಳಿಗ್ಗೆ, ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಹೀಗೊಂದು ಪ್ರತಿಜ್ಞೆ ಮಾಡಿದ. ಪ್ರತಿಜ್ಞೆ ಮಾಡುವವರಿಗೆ ಮುಂದಿನದು ತಿಳಿದಿದ್ದರೆ ಲೋಕದಲ್ಲಿ ಪ್ರತಿಜ್ಞೆಗಳೇ ಇರುತ್ತಿರಲಿಲ್ಲ.

ಹೊಳೆ ತುಂಬಿತ್ತು ನಿಜ. ಆದರೆ ಹೊಳೆಗಿಂತ ಮೊದಲು ತುಂಬಿ ಹರಿದದ್ದು ವಾಟ್ಸಾಪಿನ 'ನಮ್ಮ ಬಳಗ'. ತೋಟಪ್ಪನ ಅಣ್ಣತಮ್ಮಂದಿರು, ಬೀಗರು, ಮಗಳು ಅಳಿಯ ಎಲ್ಲರೂ ಇದ್ದ ಆ ಗುಂಪಿಗೆ ಅವನೇ ಯಜಮಾನ. ಚಿತ್ರಗಳನ್ನು ತಂದು ಸುರಿಯುವ ಗುತ್ತಿಗೆ ಮಾತ್ರ ಅಬ್ಬಿಗೇರಿಯ ಶಿವನಪ್ಪ ಕಾಕಾನದು. ರೋಣದ ಬಸ್ ನಿಲ್ದಾಣದಲ್ಲಿ ಮೊಸಳೆ ಮಲಗಿದೆ ಎಂಬ ಚಿತ್ರವನ್ನು ಕಾಕಾ ಕಳಿಸಿದಾಗ ತೋಟಪ್ಪ ಎದ್ದು ಹೋಗಿ ಬಸ್ ನಿಲ್ದಾಣ ನೋಡಿ ಬಂದ. ಅಲ್ಲಿ ಒಂದು ನಾಯಿ ಮಲಗಿತ್ತು.

"ಕಾಕಾ, ಚಿತ್ರದಾಗಿನ ಬಸ್ಸಿನ ಮ್ಯಾಲ ಬರದದ್ದು ಯಾವ ಭಾಷಾ, ಓದಿ ಹೇಳ್ರಿ ನೋಡೂಣು" ಎಂದು ಬರೆದ.

"ನನ್ನ ಚಾಳೀಸ ಸಿಗವಲ್ದಪಾ ತ್ವಾಟಪ್ಪಾ" ಎಂದರು ಕಾಕಾ. ಕನ್ನಡಕ ಸಿಗದಿದ್ದರೂ ಕೂಸನ್ನು ಹೊತ್ತು ನೀರಲ್ಲಿ ನಿಂತ ಪೊಲೀಸನ ಚಿತ್ರವೊಂದು ಅವರಿಗೆ ಮರುಕ್ಷಣವೇ ಸಿಕ್ಕಿತು. ತೋಟಪ್ಪ ಪೊಲೀಸನ ಕೈಯ ಬೆರಳು ಎಣಿಸಿದ. ಆರು. ಕೂಡಲೇ ಕೆಂಪು ಅಡ್ಡಗೆರೆ ಎಳೆದು "ಸುಳ್ಳು" ಎಂದು ಠಸ್ಸೆ ಹೊಡೆದ. ಜೊತೆಗೊಂದು ಉಪದೇಶ: "ಈಗ ಚಿತ್ರ ಅಷ್ಟ ಅಲ್ಲ, ಮನಶ್ಯಾನ ದನಿನೂ ಕಂಪ್ಯೂಟರಿನ್ಯಾಗ ಮಾಡತಾರ. ನಾನ ಫೋನ್ ಮಾಡಿದ್ರೂ ಲಗೂ ನಂಬಬ್ಯಾಡ್ರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡ್ರಿ."

ಬಳಗ ಕೈಮುಗಿಯಿತು. ಆದರೆ ಸತ್ಯದ ಕೆಲಸದಷ್ಟು ದಣಿಸುವ ಕೆಲಸ ಇನ್ನೊಂದಿಲ್ಲ. ಅದು ಎರೆಹೊಲದ ಕಸ ಇದ್ದ ಹಾಗೆ, ಇಲ್ಲಿ ಕಿತ್ತರೆ ಅಲ್ಲಿ ಹುಟ್ಟುತ್ತದೆ. ಮುರಿದ ಸೇತುವೆ ಬಂತು, ಮರ ಹತ್ತಿದ ಆನೆ ಬಂತು, ಹಬ್ಬದ ಕಾಲವಾದ್ದರಿಂದ ಏಳು ಹೆಡೆಯ ಸರ್ಪವೂ ಬಂತು. ತೋಟಪ್ಪನ ಕಣ್ಣು ಉರಿಯತೊಡಗಿತು, ಕುತ್ತಿಗೆ ಸೆಟೆಯಿತು. ಸೀರೆ ಕೇಳಲು ಬಂದ ಗಿರಾಕಿಗಳು ಕುಳಿತು ಕುಳಿತು ಎದ್ದು ಎದುರಿನ ಅಂಗಡಿಗೆ ಹೋದರು. ಈ ಲೋಕ ಒಂದು ದಿನ ಸುಳ್ಳು ಬಿಟ್ಟು ಸುಮ್ಮನೆ ಕುಳಿತರೆ ತಾನೂ ಒಂದು ಗಳಿಗೆ ಕಣ್ಣು ಮುಚ್ಚಬಹುದಲ್ಲ ಎಂದು ಅವನಿಗೆ ನಿಟ್ಟುಸಿರು ಬಂತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಹೆಂಡತಿ ನೀಲವ್ವ ಶೇಂಗಾ ಉಂಡಿ ಕಟ್ಟುತ್ತ ಕುಳಿತಿದ್ದಳು. ಬಾಗಿಲ ಬಳಿ ಅವಳ ಚೀಲ ಸಿದ್ಧವಾಗಿ ಕೂತಿತ್ತು. ಮಗಳ ಮದುವೆಯಾಗಿ ವರ್ಷಗಳಾದರೂ ಪಂಚಮಿಗೆ ತವರಿನ ಕರೆ ನೀಲವ್ವನಿಗೆ ತಪ್ಪಿರಲಿಲ್ಲ. ಹೊಳೆಮಣ್ಣೂರಿನಿಂದ ತಮ್ಮ ಕೊಟ್ರೇಶ ಬಂದೇ ಬರುತ್ತಿದ್ದ, ಅಕ್ಕನನ್ನು ಕರೆದುಕೊಂಡು ಹೋಗೇ ಹೋಗುತ್ತಿದ್ದ.

ತೋಟಪ್ಪ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಬಳಗದಲ್ಲಿ ಕೊಟ್ರೇಶನ ಚಿತ್ರ ಬಂತು. ಮನೆಯ ಕಟ್ಟೆಯ ಮೇಲೆ ಅವನು ನಿಂತಿದ್ದಾನೆ, ಸುತ್ತ ಕೆಂಪು ನೀರು. ಕೆಳಗೆ ಬರೆದಿತ್ತು: "ಅಕ್ಕಾ, ಹೊಳಿ ಬಂದೈತಿ. ಈ ಸಲ ಕರ್ಯಾಕ ಬರಾಕ ಆಗಂಗಿಲ್ಲ. ಶಿವನಪ್ಪ ಕಾಕಾ, ನಿಮ್ಮ ಟ್ರ್ಯಾಕ್ಟರ್ ಕಳಸ್ರಿ. ಜ್ವಾಳದ ಚೀಲ ಎಲ್ಲಾ ಒಳಗ ಅದಾವು."

ಕಾಕಾ ತಡಮಾಡಲಿಲ್ಲ. "ಹೊಂಟೈತಪಾ" ಎಂದರು.

ತೋಟಪ್ಪ ಚಿತ್ರವನ್ನು ಹಿಗ್ಗಿಸಿದ. ನೀರು ನೋಡಲಿಲ್ಲ, ಮನೆ ನೋಡಲಿಲ್ಲ. ಬಟ್ಟೆ ವ್ಯಾಪಾರಿಯ ಕಣ್ಣು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಯಿತು. ಬಿಳಿ ಅಂಗಿ, ನೀಲಿ ಗೆರೆ. ಮಗಳು ಪೂಜಾಳ ಮದುವೆಯಲ್ಲಿ ತಾನೇ ಭಾವಮೈದುನನಿಗೆ ಆಯೇರಿ ಉಡುಗೊರೆ ಮಾಡಿದ ಅಂಗಿ! ಆ ವರ್ಷವೂ ಹೊಳೆ ಬಂದಿತ್ತು.

"ಇದು ಹಳೇ ಫೋಟೋ" ಎಂದ.

"ಯಾಕ್ರಿ?" ಎಂದಳು ನೀಲವ್ವ.

"ಆ ಅಂಗಿ ಪೂಜಾನ ಲಗ್ನದ್ದು."

"ಹಳೇ ಅಂಗಿ ಹಾಕ್ಕೋಬಾರದು ಅಂತ ಕಾನೂನ ಐತೇನ್ರಿ?"

"ನಮ್ಮ ಅಂಗಡಿ ಅಂಗಿ ಇಷ್ಟ ವರ್ಷ ತಡೀತೈತೇನ?" ಎಂದುಬಿಟ್ಟ ತೋಟಪ್ಪ. ಯಾರಾದರೂ ಕೇಳಿಸಿಕೊಂಡರೋ ಎಂದು ಬಾಗಿಲ ಕಡೆ ನೋಡಿದ.

"ಕೊಡೂಮುಂದ ಹತ್ತ ವರ್ಷ ಬಾಳಿಕಿ ಬರತೈತಿ ಅಂದಿದ್ರೆಲ್ಲಾ."

"ಅದು ವ್ಯಾಪಾರ. ಇದು ಸತ್ಯ."

ಸತ್ಯಕ್ಕೆ ಬೀಗರಿಲ್ಲ, ಭಾವಮೈದುನರಿಲ್ಲ. ಉಂಡ ಕೈ ತೊಳೆಯದೆ ಎಡಗೈಯಿಂದಲೇ ತೀರ್ಪು ಬರೆದ: "ಸುಳ್ಳು. ಹಿಂದಿನ ಹೊಳಿ ಫೋಟೋ. ಅಂಗಿನ ಸಾಕ್ಷಿ. ಯಾರೂ ಮುಂದ ಕಳಸಬ್ಯಾಡ್ರಿ."

ಬಳಗಕ್ಕೆ ಅಷ್ಟು ಸಾಕಾಯಿತು. ನರಗುಂದದ ಬೀಗರೊಬ್ಬರು, ಅಕ್ಕನಿಗೆ ಸೀರೆ ಉಡಿಸುವುದು ತಪ್ಪಲೆಂದು ಕೊಟ್ರೇಶ ಹೊಳೆಯ ನೆಪ ಹೂಡಿದ್ದಾನೆ ಎಂದರು. ಗಜೇಂದ್ರಗಡದಿಂದ ಮಗಳು ಪೂಜಾ, "ಕೊಟ್ರೇಶ ಮಾಮಾ ಹಂಗ ಮಾಡೂ ಪೈಕಿ ಅಲ್ಲಪ್ಪಾ" ಎಂದಳು. ಅವಳ ಮಾತು ಉಳಿದವರ ಮಾತಿನಡಿ ಮುಚ್ಚಿಹೋಯಿತು. ಕೊನೆಗೆ ಕಾಕಾ ಬರೆದರು: "ತ್ವಾಟಪ್ಪ ಸುಳ್ಳ ಅಂದಮ್ಯಾಲ ಸುಳ್ಳ. ಟ್ರ್ಯಾಕ್ಟರ್ ಹೊಳ್ಳಿ ಕರಸೇನಿ."

ನೀಲವ್ವ ತಮ್ಮನಿಗೆ ಫೋನ್ ಹಚ್ಚಿದಳು. ಹತ್ತಲಿಲ್ಲ. ಕಟ್ಟುತ್ತಿದ್ದ ಉಂಡಿಯನ್ನು ಪುಡಿಗೇ ಹಾಕಿ ಎದ್ದು ನಿಂತಳು.

"ತಮ್ಮ ಬರಲಿಲ್ಲ ಅಂದ್ರ ಹಬ್ಬ ಅಷ್ಟ ಹೋಗತಿತ್ತು. ಅವನ್ನ ನಾಕ ಮಂದಿ ಮುಂದ ಸುಳ್ಳಬುರಕ ಮಾಡಿದ್ರಿ. ಇನ್ನ ನಾ ಯಾವ ಮಾರಿ ತಗೊಂಡು ತವರಮನಿಗೆ ಹೋಗಲಿ?"

ಬಾಗಿಲ ಬಳಿಯ ಚೀಲವನ್ನು ಒಳಗೆ ಒಯ್ದಿಟ್ಟು ಗಂಡನ ಜೊತೆ ಮಾತು ಬಿಟ್ಟಳು. ತೋಟಪ್ಪನಿಗೆ ಅವಳ ಮಾತಿನ ಅಭ್ಯಾಸವಿತ್ತು, ಮೌನದ ಅಭ್ಯಾಸವಿರಲಿಲ್ಲ. ರಾತ್ರಿ ತಾನೇ ರೊಟ್ಟಿ ಬಡಿಸಿಕೊಂಡು ಉಂಡ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕೊಟ್ರೇಶ ನಿಂತಿದ್ದ. ತೊಡೆಯ ತನಕ ಕೆಸರು. ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕುಬಸದ ಖಣ, ಕೊಬ್ಬರಿ ಬಟ್ಟಲು. ಮೈಮೇಲೆ ಬಿಳಿ ಅಂಗಿ, ನೀಲಿ ಗೆರೆ.

"ಅಕ್ಕಾ, ಹಬ್ಬಕ್ಕ ಕರ್ಯಾಕ ಬಂದೇನಿ" ಎಂದ.

"ಅಷ್ಟ ನೀರಾಗ ಹ್ಯಾಂಗ ಬಂದ್ಯೋ ಹುಚ್ಚಾ?"

"ಮಾಮಾರು ಸುಳ್ಳ ನೀರು ಅಂದಾರಲ್ಲವಾ. ಸುಳ್ಳ ನೀರು ದಾಟಾಕ ಏನ ತ್ರಾಸು? ತೊಡಿಮಟ ಇತ್ತು, ಹಾದು ಬಂದೆ. ಆಚೀ ಕಡೆ ಹಾಲಿನ ಗಾಡಿ ಸಿಕ್ತು."

ನೀಲವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. ತೋಟಪ್ಪ ಆ ಅಂಗಿಯ ತೋಳು ಮುಟ್ಟಿ ನೋಡಿದ. ಬಣ್ಣ ಬಿಟ್ಟಿರಲಿಲ್ಲ, ಹೊಲಿಗೆ ಬಿಚ್ಚಿರಲಿಲ್ಲ. ಜೀವನದಲ್ಲಿ ಮೊದಲ ಸಲ ತಾನು ಗಿರಾಕಿಗಳಿಗೆ ಹೇಳುತ್ತ ಬಂದ ಮಾತು ಖರೆಯಾಗಿತ್ತು, ಅದೂ ಇಂಥ ಹೊತ್ತಿನಲ್ಲಿ.

"ಅಂಗಿ ಹಳೇದು ಖರೇ ಐತ್ರಿ ಮಾಮಾರ" ಎಂದ ಕೊಟ್ರೇಶ. "ನೀರು ಹೊಸಾದಿತ್ತು."

ತೋಟಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. "ಅವ್ವ, ಮಕ್ಕಳು?" ಎಂದು ಕೇಳಿದ.

"ಎಲ್ಲಾರೂ ದಿಬ್ಬದ ಮ್ಯಾಲಿನ ಸಾಲ್ಯಾಗ ಅದಾರ. ಜ್ವಾಳ ಮನ್ಯಾಗನ ಐತಿ. ಊರಾಗಿನ ಟ್ರ್ಯಾಕ್ಟರ್ ಎಲ್ಲಾ ತಮ್ಮ ತಮ್ಮ ಮನಿ ಸಾಗಸಾಕತ್ತಾವು. ಸಂಜಿಮಟ ಕಾಕಾನ ಟ್ರ್ಯಾಕ್ಟರ್ ಬರಲಿಲ್ಲ ಅಂದ್ರ ವರ್ಷದ ಕೂಳು ಹೊಳಿಗೆ ಹೋಗತೈತಿ."

ತೋಟಪ್ಪ ಭಾವಮೈದುನನನ್ನು ಅಂಗಳದಲ್ಲೇ ನಿಲ್ಲಿಸಿ, ಕೆಸರು ಸಮೇತ ಚಿತ್ರ ತೆಗೆದು ಬಳಗಕ್ಕೆ ಹಾಕಿದ. "ಖರೇ. ನನ್ನ ತಪ್ಪಾತು. ಕಾಕಾ, ಟ್ರ್ಯಾಕ್ಟರ್ ಕಳಸ್ರಿ."

ಉತ್ತರ ಬಂತು: "ಅದ ಅಂಗಿ. ಹಳೇ ಫೋಟೋ. ಸುಳ್ಳು." ಕಾಕಾ ಕೆಂಪು ಅಡ್ಡಗೆರೆಯನ್ನೂ ಎಳೆದಿದ್ದರು. ಅದು ಹೇಗೆ ಎಳೆಯುವುದೆಂದು ಅವರಿಗೆ ಕಲಿಸಿದವನು ತೋಟಪ್ಪನೇ. ನರಗುಂದದ ಬೀಗರು ಬೆರಳೂ ಎಣಿಸಿದ್ದರು. ಕೊಟ್ರೇಶನ ಒಂದು ಬೆರಳು ಖಣದ ಗಂಟಿನಡಿ ಮುಚ್ಚಿದ್ದರಿಂದ ನಾಲ್ಕೇ ಕಾಣುತ್ತಿದ್ದವು.

ತೋಟಪ್ಪ ಕಾಕಾನಿಗೆ ಫೋನ್ ಮಾಡಿದ. "ಕಾಕಾ, ನಾ ತೋಟಪ್ಪ."

"ಇರಬಹುದು" ಎಂದರು ಕಾಕಾ. "ನೀ ಫೋನ್ ಮಾಡಿದ್ರೂ ನಂಬಬಾರದು ಅಂತ ತ್ವಾಟಪ್ಪ ಹೇಳ್ಯಾನ." ಇಟ್ಟೇಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ತೋಟಪ್ಪ ಕಟ್ಟೆಯ ಮೇಲೆ ಕೂತ. ಸುಳ್ಳನ್ನು ಸುಳ್ಳೆಂದು ಸಾಧಿಸುವುದೇ ಕಷ್ಟವೆಂದುಕೊಂಡಿದ್ದ. ನಿಜವನ್ನು ನಿಜವೆಂದು ಸಾಧಿಸುವುದು ಅದಕ್ಕಿಂತ ಕಷ್ಟವೆಂದು ಈಗ ಗೊತ್ತಾಯಿತು.

ನಿನ್ನೆಯಿಂದ ಗಂಡನ ಜೊತೆ ಮಾತು ಬಿಟ್ಟಿದ್ದ ನೀಲವ್ವ ಆಗ ಬಾಯಿ ಬಿಟ್ಟಳು. "ನಿಮ್ಮ ಬಳಗ ನೀರು ನೋಡೂದಿಲ್ಲ, ಮಾರಿ ನೋಡೂದಿಲ್ಲ, ಅಂಗಿ ನೋಡತೈತಿ. ಅಂಗಡಿ ಬಾಗಲಾ ತಗೀರಿ. ನನ್ನ ತಮ್ಮಗ ಒಂದು ಹೊಸಾ ಅಂಗಿ ತರ್ರಿ."

ತೋಟಪ್ಪ ಓಡಿದ. ಈ ವಾರವಷ್ಟೇ ಬಂದ, ಇನ್ನೂ ಯಾರಿಗೂ ತೋರಿಸದ ಹಸಿರು ಚೌಕಳಿಯ ಅಂಗಿಯನ್ನು ಕಾಗದ ಬಿಚ್ಚಿ ತಂದ. ಕೊಟ್ರೇಶ ಹಾಕಿಕೊಂಡ, ಐದೂ ಬೆರಳು ಅಗಲಿಸಿ ನಿಂತ. ಚಿತ್ರ ಹೋಯಿತು. ಸ್ವಲ್ಪ ಹೊತ್ತಿಗೆ ಕಾಕಾ ಬರೆದರು: "ಅಂಗಿ ಹೊಸಾದೈತಿ. ಖರೇ. ಟ್ರ್ಯಾಕ್ಟರ್ ಹೊಂಟೈತಿ." ಈ ಸಲ ಚಾಲಕನ ಚಿತ್ರವೂ ಬಂತು. ತೋಟಪ್ಪನಿಗೆ ಅದನ್ನು ಹಿಗ್ಗಿಸಿ ನೋಡುವ ಧೈರ್ಯವಾಗಲಿಲ್ಲ.

ಎದೆಯ ಭಾರ ಇಳಿದದ್ದೇ ತಡ, ಹುಟ್ಟುಗುಣ ಎಲ್ಲಿ ಹೋಗುತ್ತದೆ? ಭಾವಮೈದುನನ ಹೊಸ ಅಂಗಿಯ ಕಾಲರು ಸರಿಮಾಡುತ್ತ, "ಚಲೋ ಅರಿವಿ ಕೊಟ್ರೇಶಾ. ಇದೂ ಹತ್ತ ವರ್ಷ ಬಾಳಿಕಿ ಬರತೈತಿ" ಎಂದ.

ಕೊಟ್ರೇಶ ಕೈಮುಗಿದ. "ಅಷ್ಟ ಬರೂದು ಬ್ಯಾಡ್ರಿ ಮಾಮಾರ. ಮುಂದಿನ ಸಲ ಹೊಳಿ ಬಂದಾಗ ಮತ್ತ ನೀವ ಸುಳ್ಳು ಅಂತೀರಿ."